ಅಲಮಾರಿಯಲ್ಲಿ ಸಿಕ್ಕಿದ ನೀಲಿ ಚಿತ್ರದ ಟೀ ಪಾಟ್: ಚೀನಾದ್ದಾ?

ಮೂಡಿಗೆರೆ ಸೊಸೆ:

ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮನೆಗೆ ಸುಣ್ಣ ಹೊಡೆಸಲು ಗೋಡೆ ಅಲಮಾರಿ ಖಾಲಿ ಮಾಡಿದಾಗ ಒಂದು ಪಿಂಗಾಣಿ ಟೀ ಪಾಟ್ ಈಚೆ ಬಂತು. ಯಾರೋ ದೊರೆ ತೋಟ ಮಾರಿ ಊರಿಗೆ ಹೋಗುವಾಗ ಬಂಗಲೆ ಸಾಮಾನು ಹರಾಜಾಯಿತಂತೆ. ಆಗ ನಮ್ಮ ಮಾವನವರ ತಂದೆ ತಂದದ್ದು ಅಂತ ಅತ್ತೆ ಹೇಳುತ್ತಾರೆ.

ಬಿಳಿ ಮೈ, ಕಡು ನೀಲಿ ಚಿತ್ರ. ಒಂದು ಜೋಲು ಮರ, ಸೇತುವೆ ಮೇಲೆ ಮೂರು ಜನ, ದೋಣಿ, ಮೇಲೆ ಎದುರುಬದುರಾಗಿ ಎರಡು ಹಕ್ಕಿ. ಅಂಚಿನ ಚಿನ್ನದ ಗೆರೆ ಅಲ್ಲಲ್ಲಿ ಸವೆದಿದೆ. ಹಿಡಿ ಹತ್ತಿರ ಎರಡು ಲೋಹದ ಕೊಕ್ಕೆ ಇವೆ. ತಳದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಇಂಗ್ಲೆಂಡ್’ ಅಂತಿದೆ. ಅದರ ಕೆಳಗೆ ‘ಆರ್‌ಡಿ ನಂಬರ್’, 27ರಿಂದ ಶುರುವಾಗುವ ಆರಂಕಿ ಸಂಖ್ಯೆ. ಕಂಪನಿ ಹೆಸರಿಲ್ಲ.

ಹಳೇ ಸಾಮಾನು ಕೊಳ್ಳುವವರೊಬ್ಬರು ನೋಡಿ, ಚೀನಾದ ರಾಜರ ಕಾಲದ್ದು, ಕೈಯಲ್ಲೇ ಬರೆದದ್ದು ಅಂದರು. ಅವರು ಹೇಳಿದ ಬೆಲೆ ನೋಡಿದರೆ ಆ ರಾಜರಿಗೇ ಅವಮಾನ! ನಿಜವಾಗಿ ಇದು ಏನು? ಟೀ ಮಾಡಿ ಕುಡಿಯಬಹುದಾ? ಅತ್ತೆ ಹುಣಸೆಹಣ್ಣು ಹಾಕಿ ಉಜ್ಜಲು ಹೊರಟಿದ್ದಾರೆ, ಬೇಗ ಹೇಳಿ.

ಹಾಸನದ ಮೇಷ್ಟ್ರು:

ಮೊದಲು ಹುಣಸೆಹಣ್ಣು ಒಳಗಿಡಿಸಿ ತಾಯಿ. ಆಮೇಲೆ ಮಿಕ್ಕ ಮಾತು.

ತಳದಲ್ಲೇ ಇಂಗ್ಲೆಂಡ್ ಅಂತಿರುವಾಗ ಚೀನಾದ ರಾಜರನ್ನು ಯಾಕೆ ಎಬ್ಬಿಸಬೇಕು? ನೀವು ಹೇಳಿದ ಚಿತ್ರಕ್ಕೆ ವಿಲೋ ಪ್ಯಾಟರ್ನ್ ಅಂತಾರೆ, ವಿಲೋ ಅಂದರೆ ಆ ಜೋಲು ಮರ. 18ನೇ ಶತಮಾನದ ಕೊನೆಯಲ್ಲಿ ಚೀನಾದ ನೀಲಿ ಪಿಂಗಾಣಿಗೆ ಇಂಗ್ಲೆಂಡಿನಲ್ಲಿ ಭಾರಿ ಬೇಡಿಕೆ. ಅದನ್ನು ನೋಡಿಕೊಂಡು ಅಲ್ಲಿನವರೇ ಕಟ್ಟಿದ ಚಿತ್ರ ಇದು. ಸೇತುವೆಯ ಮೂವರು ಯಾರು ಅಂತ ಒಂದು ಕಥೆಯೂ ಇದೆ. ಅಧಿಕಾರಿಯ ಮಗಳು ಗುಮಾಸ್ತನ ಜೊತೆ ಓಡಿಹೋದಳು, ಅಪ್ಪ ಚಾವಟಿ ಹಿಡಿದು ಬೆನ್ನಟ್ಟಿದ, ಸತ್ತ ಪ್ರೇಮಿಗಳು ಹಕ್ಕಿಗಳಾದರು. ಚಿತ್ರ ಮೊದಲು ಬಂತು, ಅದಕ್ಕೆ ಹೊಂದಿಸಿ ಕಥೆಯನ್ನು ಆಮೇಲೆ ಇಂಗ್ಲೆಂಡಿನಲ್ಲೇ ಹೆಣೆದರು. ಪಾತ್ರೆ ಮಾರಲು ಅದು ಚೆನ್ನಾಗಿಯೇ ಒದಗಿತು.

ಕೈಬರಹವೋ ಅಚ್ಚೋ ಅಂತ ನೀವೇ ನೋಡಬಹುದು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಕೋಬಾಲ್ಟ್ ಬಣ್ಣ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಆ ಕಾಗದವನ್ನು ಒಮ್ಮೆ ಸುಟ್ಟ ಪಾತ್ರೆಗೆ ಒತ್ತಿ ಉಜ್ಜಿದರೆ ಬಣ್ಣ ಅಂಟಿಕೊಳ್ಳುತ್ತದೆ. ನಂತರ ಕಾಗದ ತೊಳೆದು, ಮೇಲೆ ಗಾಜಿನಂಥ ಹೊಳಪಿನ ಲೇಪ ಕೊಟ್ಟು ಮತ್ತೆ ಸುಡುವುದು. ಚಪ್ಪಟೆ ಕಾಗದ ದುಂಡು ಮೈಗೆ ಸರಿಯಾಗಿ ಕೂರುತ್ತದಾ? ಇಲ್ಲ. ಹಿಡಿಯ ಹಿಂದೆ, ಟೀ ಸುರಿಯುವ ಕೊಕ್ಕಿನ ಬುಡದಲ್ಲಿ ನೋಡಿ. ಅಂಚಿನ ಬಳ್ಳಿ ಎಲ್ಲೋ ಒಂದು ಕಡೆ ತುಂಡಾಗಿ, ಗೆರೆಗೆ ಗೆರೆ ಕೂಡದೆ ನಿಂತಿರುತ್ತದೆ. ಭೂತಗನ್ನಡಿ ಇದ್ದರೆ ನೆರಳಿನ ಭಾಗ ನೋಡಿ. ಕುಂಚದ ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು ಇರುತ್ತದೆ. ಅಚ್ಚಿನಲ್ಲಿ ನೆರಳೂ ಸಣ್ಣ ಗೆರೆ, ಚುಕ್ಕಿಗಳೇ.

ಇನ್ನು ವಯಸ್ಸು. ಹೊರದೇಶದ ಸರಕಿನ ಮೇಲೆ ಅದರ ದೇಶದ ಹೆಸರಿರಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಜಾರಿಯಾದದ್ದು 1891ರಲ್ಲಿ. ಬರೀ ‘ಇಂಗ್ಲೆಂಡ್’ ಅಂತಿರುವ ಪಾತ್ರೆಗಳು ಹೆಚ್ಚಾಗಿ ಅಲ್ಲಿಂದೀಚಿನವು. ಆರ್‌ಡಿ ನಂಬರ್ ಅನ್ನುವುದು ವಿನ್ಯಾಸ ನೋಂದಾಯಿಸಿದ ಸಂಖ್ಯೆ. 1884ರಲ್ಲಿ ಒಂದರಿಂದ ಶುರುವಾಯಿತು. 27ರಿಂದ ಆರಂಭವಾಗುವ ಆರಂಕಿ ಅಂದರೆ 1896. ವಿಲೋ ಚಿತ್ರ ಅದಕ್ಕೂ ಬಹಳ ಹಳೆಯದು, ಹಾಗಾಗಿ ನೋಂದಾಯಿಸಿದ್ದು ಪಾಟಿನ ಆಕಾರ ಇರಬೇಕು. ಆ ವರ್ಷವೇ ಮಾಡಿದ ಪಾಟ್ ಅಂತಲ್ಲ, ಆಮೇಲೂ ಮಾಡಿರಬಹುದು.

ಕತ್ತಲಲ್ಲಿ ಮೊಬೈಲ್ ಟಾರ್ಚ್ ಒಳಗಿಟ್ಟು, ಬೆಳಕು ಹೊರಗೆ ಹಾಯುತ್ತದಾ ನೋಡಿ ಹೇಳಿ.

ಸಕಲೇಶಪುರದವ:

ಕೊಕ್ಕೆ ಇದೆ ಅಂದ್ರಲ್ಲ, ಅದು ರಿಪೇರಿ. ಗಟ್ಟಿ ಅಂಟು ಬರುವ ಮೊದಲು ಒಡೆದ ಪಿಂಗಾಣಿಗೆ ಸಣ್ಣ ತೂತು ಕೊರೆದು ಹೀಗೇ ತಂತಿ ಹೊಲಿಗೆ ಹಾಕುತ್ತಿದ್ದರು. ಕೀಳಬೇಡಿ ಮಾರಾಯ್ರೆ. ಚೆಂದ ಕಾಣೋದಿಲ್ಲ, ಆದರೆ ದೊರೆಗೆ ಆ ಪಾಟ್ ಎಷ್ಟು ಬೇಕಾಗಿತ್ತು ಅಂತ ಅದರಲ್ಲೇ ಗೊತ್ತಾಗುತ್ತೆ. ಕಾಫಿ ತೋಟದಲ್ಲಿ ಕೂತು ಟೀ ಕುಡಿದವರು!

ಬೆಲೆ ಬಗ್ಗೆ ಜಾಸ್ತಿ ಆಸೆ ಬೇಡ. ಈ ಚಿತ್ರವನ್ನು ಎಷ್ಟೋ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ಮಾಡಿವೆ. ಕೊಕ್ಕೆ ಇದ್ದರೆ ಇನ್ನೂ ಇಳಿಯುತ್ತೆ. ಹಾಗಂತ ಆ ಮನುಷ್ಯನಿಗೆ ಕೊಡಬೇಡಿ.

ಬಾಳೆಹೊನ್ನೂರು ಅಕ್ಕ:

ಚಿನ್ನದ ಗೆರೆ ಹೊಳಪಿನ ಲೇಪದ ಮೇಲೆ ಇರೋದು, ನೀಲಿ ಕೆಳಗೆ. ಅದಕ್ಕೇ ನೀಲಿ ಹಾಗೇ ಉಳಿದು ಚಿನ್ನ ಮಾತ್ರ ಸವೆದಿರೋದು. ಹುಣಸೆಹಣ್ಣು, ಬೂದಿ, ತಂತಿ ನಾರು, ಬ್ಲೀಚ್ ಯಾವುದೂ ಬೇಡ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ ಸಾಕು. ಒಳಗಿನ ಟೀ ಕಲೆಗೆ ಅಡುಗೆ ಸೋಡಾ ಕಲಸಿ ಬೆರಳಲ್ಲಿ ಮೆಲ್ಲಗೆ ತಿಕ್ಕಿ. ನೆನೆಹಾಕಬೇಡಿ, ಕೊಕ್ಕೆ ತುಕ್ಕು ಹಿಡಿಯಬಹುದು. ಬಿಸಿ ಟೀ ಹಾಕಲೇಬೇಡಿ. ಬಿರುಕು ಬಿಟ್ಟದ್ದಕ್ಕೆ ಬಿಸಿ ತಡೆಯೋದಿಲ್ಲ, ಹಳೇ ಹೊಳಪಿನ ಲೇಪದಲ್ಲಿ ಸೀಸವೂ ಇರಬಹುದು.

ಮೂಡಿಗೆರೆ ಸೊಸೆ:

ಮೇಷ್ಟ್ರೇ, ಟಾರ್ಚ್ ಇಟ್ಟೆ. ಬೆಳಕು ಹೊರಗೆ ಚೆನ್ನಾಗಿ ಕಾಣುತ್ತೆ. ಬಳ್ಳಿ ಹಿಡಿಯ ಹಿಂದೆ ತುಂಡಾಗಿರೋದೂ ನಿಜ, ಒಂದು ಎಲೆ ಅರ್ಧವೇ ಇದೆ! ಅತ್ತೆಗೆ ಕುತೂಹಲವಾಗಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಟೀಗೆ ಆಗೋದಿಲ್ಲ ಅಂದರೆ ದೇವರ ಮನೆಯಲ್ಲಿ ಹೂವಿಗೆ ಇಡೋಣ ಅಂತಿದ್ದಾರೆ.

ಹಾಸನದ ಮೇಷ್ಟ್ರು:

ಬೆಳಕು ಹಾಯ್ದರೆ ಮಣ್ಣಿನ ಪಾತ್ರೆ ಅಲ್ಲ, ಬೋನ್ ಚೈನಾ ಅನ್ನುವ ನಯವಾದ ಪಿಂಗಾಣಿ ಇರಬೇಕು. ವಿಲೋ ಪಾತ್ರೆಗಳು ಹೆಚ್ಚಿನವು ಮಣ್ಣಿನವೇ, ಹಾಗಾಗಿ ನಿಮ್ಮದು ಒಂದು ಮೆಟ್ಟಿಲು ಮೇಲೆ.

ದೇವರ ಮನೆ ವಿಷಯ ಮಾತ್ರ ಯೋಚಿಸಿ. ಬೋನ್ ಚೈನಾದ ಮಣ್ಣಿನಲ್ಲಿ ಅರ್ಧದಷ್ಟು ಸುಟ್ಟ ದನದ ಮೂಳೆಯ ಬೂದಿ ಇರುತ್ತದೆ.

ಮೂಡಿಗೆರೆ ಸೊಸೆ:

ಅಯ್ಯೋ! ಹಾಲ್‌ನ ಶೋಕೇಸಿಗೆ ಹೋಯಿತು. ಅಲ್ಲಿ ಬೆಳಕು ಜಾಸ್ತಿ, ಚಿತ್ರ ಚೆನ್ನಾಗಿ ಕಾಣುತ್ತೆ ಅಂತ ಅತ್ತೆಗೆ ಹೇಳಿದ್ದೇನೆ.