‘ಇಂಜಿನ್ ಆರಿದ ಮೇಲೆ’ ಅಂದರೆ ಯಾವಾಗ?

ಗೆಳೆಯರೇ,

ನಾನು ಬರೆದ ಒಂದು ಪದದಿಂದ ನನ್ನ ತಮ್ಮನ ಕೈ ಸುಟ್ಟಿದೆ. ಅದಕ್ಕೇ ಈ ಪ್ರಶ್ನೆ.

ಅವನ ಹಳೇ ಕಾರಿನಲ್ಲಿ ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಸೋರುತ್ತಿತ್ತು. ಕ್ಲಿಪ್ ಕೂರುವ ಜಾಗದಲ್ಲೇ ರಬ್ಬರು ಬಿರುಕು ಬಿಟ್ಟಿತ್ತು. ಅಲ್ಲಿಂದ ಹಸಿರು ಕೂಲೆಂಟ್ (ಇಂಜಿನ್ನಿನ ಬಿಸಿಯನ್ನು ರೇಡಿಯೇಟರ್‌ಗೆ ಒಯ್ಯುವ ದ್ರವ) ಜಿನುಗಿ, ಒಣಗಿ, ಸುತ್ತ ಕರೆ ಕಟ್ಟಿತ್ತು. ಮನೆಯಲ್ಲೇ ಬದಲಾಯಿಸ್ತೀನಿ, ಹೇಗೆ ಅಂತ ಬರೆದು ಕಳಿಸು ಅಂದ. ನಾನು ಈ ಕೆಲಸ ಎರಡು ಸಲ ಮಾಡಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿದೆ. ಮೊದಲ ಸಾಲು ಹೀಗಿತ್ತು: “ಇಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗಿ.”

ಅವನು ಅಂಗಡಿಯಿಂದ ಹೊಸ ಹೋಸ್ ತಂದ. ಕಾರು ನಿಲ್ಲಿಸಿ ಕೀ ತೆಗೆದ. ಬಾನೆಟ್ ಎತ್ತಿ ಮುಚ್ಚಳ ತಿರುಗಿಸಿದ. ಕುದಿಯುವ ಕೂಲೆಂಟ್ ಚಿಮ್ಮಿತು. ಕೈಯಲ್ಲಿ ದಪ್ಪ ಬಟ್ಟೆ ಇತ್ತು, ಮುಖ ಆಚೆ ತಿರುಗಿಸಿದ್ದ. ಮಣಿಕಟ್ಟಿನ ಮೇಲೆ ಎರಡು ಬೊಬ್ಬೆ ಎದ್ದವು, ಅಷ್ಟಕ್ಕೆ ಮುಗಿಯಿತು. “ಆರಿಸಿದ್ನಲ್ಲ ಅಣ್ಣಾ, ಕೀನೂ ತೆಗೆದಿದ್ದೆ” ಅಂದ.

ಅವನು ಓದಿದ್ದರಲ್ಲಿ ತಪ್ಪೇನಿಲ್ಲ. ದೀಪ ಆರಿತು, ಒಲೆ ಆರಿತು ಅನ್ನುತ್ತೇವೆ. ಹಾಗೇ ಇಂಜಿನ್ ಆರಿತು, ಅಂದರೆ ಆಫ್ ಆಯಿತು. ನನ್ನ ಮನಸ್ಸಿನಲ್ಲಿ ಇದ್ದದ್ದು ಕಾಫಿ ಆರಿತು ಅನ್ನುವಾಗಿನ ‘ಆರು’.

ಅಂದಿನಿಂದ ಈ ಪದ ತಲೆಯಿಂದ ಹೋಗಿಲ್ಲ. ಹಳಗನ್ನಡದಲ್ಲಿ ಇದು ‘ಆಱು’. ತಮಿಳಿನಲ್ಲೂ ಇದೇ ಪದ ಇದೆ, ಅಲ್ಲೂ ಕಾಫಿ ಆರುತ್ತದೆ. (ಅಕ್ಕಿ ಆರಿಸುವುದು, ಚುನಾವಣೆಯಲ್ಲಿ ಆರಿಸುವುದು ಬೇರೆ, ಅದು ಆಯ್ಕೆಗೆ ಸೇರಿದ್ದು.) ನನಗೆ ತೋರುವುದು ಹೀಗೆ. ‘ಆರು’ ಅಂದರೆ ಒಂದು ವಸ್ತುವಿನಲ್ಲಿ ಇದ್ದದ್ದು ಹೋಗುವುದು. ಏನು ಹೋಯಿತು ಅನ್ನುವುದನ್ನು ಪದ ಹೇಳುವುದಿಲ್ಲ, ವಸ್ತು ಹೇಳುತ್ತದೆ. ದೀಪದಲ್ಲಿ ಬೆಂಕಿ ಹೋಗುತ್ತದೆ. ಅನ್ನದಲ್ಲಿ ಬಿಸಿ ಹೋಗುತ್ತದೆ. ಒಗೆದ ಬಟ್ಟೆಯಲ್ಲಿ ಒದ್ದೆ ಹೋಗುತ್ತದೆ. ನೆರಳಲ್ಲಿ ಕೂತರೆ ದಣಿವು ಆರುತ್ತದೆ. ಬಟ್ಟೆ ಆರಿತು ಅಂದರೆ ಯಾರೂ ತಣ್ಣಗಾಯಿತು ಅಂದುಕೊಳ್ಳುವುದಿಲ್ಲ. ಇಂಜಿನ್‌ನಲ್ಲಿ ಮಾತ್ರ ಬೆಂಕಿಯೂ ಇದೆ, ಬಿಸಿಯೂ ಇದೆ. ಬೆಂಕಿ ಕೀ ತಿರುಗಿಸಿದ ಕೂಡಲೇ ಆರುತ್ತದೆ. ಬಿಸಿ ಆರುವುದಕ್ಕೆ ಗಂಟೆಗಟ್ಟಲೆ ಬೇಕು. ಒಂದೇ ಪದದ ಎರಡು ಅರ್ಥದ ನಡುವೆ ಅಷ್ಟು ಹೊತ್ತಿನ ಅಂತರ!

ಆ ಹೊತ್ತಿನಲ್ಲಿ ಮುಚ್ಚಳದ ಕೆಳಗೆ ಆಗುವುದು ಕುಕ್ಕರ್‌ನಲ್ಲಿ ಆಗುವುದೇ. ಮುಚ್ಚಳ ಒತ್ತಡ ಹಿಡಿದಿಟ್ಟಿರುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್ ಜಾಸ್ತಿ ಒತ್ತಡ ಇದ್ದರೆ (ಅಂದರೆ ಹೆಚ್ಚುಕಮ್ಮಿ ಎರಡರಷ್ಟು) ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳ ತೆಗೆದರೆ ಆ ಒತ್ತಡ ಹೋಗುತ್ತದೆ, 110 ಡಿಗ್ರಿಯಲ್ಲಿ ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಮೇಲೆ ಬರುತ್ತದೆ. ನೋಡಿ, ಅಡುಗೆಮನೆಯಲ್ಲಿ ಯಾರೂ ‘ಕುಕ್ಕರ್ ಆರಿದ ಮೇಲೆ ತೆಗಿ’ ಅನ್ನುವುದಿಲ್ಲ. ‘ಪ್ರೆಷರ್ ಇಳೀಲಿ’ ಅನ್ನುತ್ತಾರೆ. ನಮ್ಮಮ್ಮ ನನಗಿಂತ ಸರಿಯಾಗಿ ಮಾತಾಡುತ್ತಾರೆ.

‘ತಣಿದ ಮೇಲೆ’ ಅಂತ ಬರೆಯಬಹುದಿತ್ತಾ? ಅದು ನನಗೆ ಒಗ್ಗುವುದಿಲ್ಲ. ಕಣ್ಣು ತಣಿಯುತ್ತದೆ, ಮನಸ್ಸು ತಣಿಯುತ್ತದೆ. ಇಂಜಿನ್ ತಣಿಯಿತು ಅಂತ ಗ್ಯಾರೇಜಿನಲ್ಲಿ ನಾನು ಕೇಳಿಲ್ಲ. ‘ತಣ್ಣಗಾದ ಮೇಲೆ’ ವಾಸಿ. ಆದರೆ ಎಷ್ಟು ತಣ್ಣಗೆ? ಕೊನೆಗೆ ಹೀಗೆ ತಿದ್ದಿದೆ: “ಕಾರು ನಿಲ್ಲಿಸಿ ಎರಡು ಗಂಟೆ ಬಿಡು. ಮೇಲಿನ ಹೋಸ್ ಮುಟ್ಟಿ ನೋಡು, ಕೈಗೆ ತಣ್ಣಗಿರಬೇಕು. ಹಿಸುಕಿದರೆ ಮೆತ್ತಗೆ ಒಳಗೆ ಹೋಗಬೇಕು. ಬಿಗಿಯಾಗಿದ್ದರೆ ಪ್ರೆಷರ್ ಇನ್ನೂ ಇಳಿದಿಲ್ಲ, ಮುಚ್ಚಳ ಮುಟ್ಟಬೇಡ.” ಸಾಲು ಉದ್ದವಾಯಿತು. ಆದರೂ ಹೀಗೇ ಇರಲಿ ಅನ್ನಿಸಿತು.

ಅದೇ ಬರಹದಲ್ಲಿ ಒಂದು ಪದ ಚೆನ್ನಾಗಿ ಕೆಲಸ ಮಾಡಿತು. ‘ಡ್ರೈನ್ ಮಾಡು’ ಅನ್ನುವ ಬದಲು “ಕೆಳಗೆ ಟಬ್ ಇಟ್ಟು ಕೂಲೆಂಟ್ ಬಸಿ” ಅಂತ ಬರೆದಿದ್ದೆ. “ಗಂಜಿ ಬಸಿದ ಹಾಗೆ ಅಲ್ವಾ?” ಅಂದ. ಹೌದು, ಹಾಗೇ. ಗದ್ದೆಯಲ್ಲಿ ಹೆಚ್ಚಾದ ನೀರು ಹೋಗುವುದಕ್ಕೆ ಬಸಿಗಾಲುವೆ ತೆಗೆಯುತ್ತಾರೆ, ಅದೂ ಇದೇ ಪದ. (ಬಸಿದ ಕೂಲೆಂಟ್ ತೆರೆದಿಡಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.) ಹಳೇ ಹೋಸ್ ಎಳೆಯಬೇಡ, ತಿರುಚಿ ಬಿಡಿಸು, ಬರದಿದ್ದರೆ ಕತ್ತರಿಸು ಅಂತಲೂ ಬರೆದಿದ್ದೆ. ಎಳೆದರೆ ರೇಡಿಯೇಟರ್‌ನ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ‘ತಿರುಚು’, ‘ಮೂತಿ’ ಎರಡಕ್ಕೂ ಅವನು ಮರುಪ್ರಶ್ನೆ ಹಾಕಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ, ರಾತ್ರಿಯೆಲ್ಲ ನಿಂತ ಕಾರಿಗೆ ಹೊಸ ಹೋಸ್ ಹಾಕಿದ. ಕೂಲೆಂಟ್ ತುಂಬಿ, ಒಳಗೆ ಹಿಡಿದಿದ್ದ ಏರ್ ಗುಳ್ಳೆ ಗುಳ್ಳೆಯಾಗಿ ಹೋಗುವ ತನಕ ಇಂಜಿನ್ ಓಡಿಸಿದ. ಈಗ ಸೋರುತ್ತಿಲ್ಲ.

ನಿಮ್ಮನ್ನು ಕೇಳಬೇಕಾದ್ದು ಎರಡು. ನಿಮ್ಮ ಕಡೆ ಮೋಟಾರು, ಪಂಪ್‌ಸೆಟ್ಟು, ಟ್ರ್ಯಾಕ್ಟರು ಆಫ್ ಆದದ್ದಕ್ಕೆ ‘ಆರಿತು’ ಅನ್ನುತ್ತಾರಾ, ಇಲ್ಲಾ ‘ನಿಂತಿತು’, ‘ಬಂದಾಯಿತು’ ಅಂತಲೇ ಅನ್ನುತ್ತಾರಾ? ಇಂಜಿನ್ನಿನ ಬಿಸಿ ಹೋದದ್ದಕ್ಕೆ ಮಾತ್ರ ಸಲ್ಲುವ, ಬೇರೆ ಅರ್ಥಕ್ಕೆ ಎಡೆ ಕೊಡದ ಒಂದು ಪದ ನಿಮ್ಮೂರಿನ ಗ್ಯಾರೇಜಿನಲ್ಲಿ ಇದೆಯಾ? ಇದ್ದರೆ ಯಾವ ಊರಿನದು ಅಂತಲೂ ಬರೆಯಿರಿ.