‘ಪಾಸ್ಟ್ ಮಾಸ್ಟರ್ಸ್’: ಬೀಟಲ್ಸ್ ಆಲ್ಬಂಗಳೆಲ್ಲ ಇರುವವರಿಗೂ ಈ ಸಂಕಲನ ಬೇಕೇ?

ಹೊಸ ಕೇಳುಗ:

ಎಲ್ಲರಿಗೂ ನಮಸ್ಕಾರ. ಬೀಟಲ್ಸ್ ತಂಡದ ಬ್ರಿಟಿಷ್ ಆಲ್ಬಂಗಳನ್ನು ‘ಪ್ಲೀಸ್ ಪ್ಲೀಸ್ ಮಿ’ಯಿಂದ ‘ಲೆಟ್ ಇಟ್ ಬಿ’ವರೆಗೆ ಅನುಕ್ರಮವಾಗಿ ಕೇಳಿ ಮುಗಿಸಿದ್ದೇನೆ, ನಡುವೆ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಕೂಡ ಆಯಿತು. ಇಷ್ಟಾದರೂ ‘ಶೀ ಲವ್ಸ್ ಯೂ’, ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’, ‘ಹೇ ಜ್ಯೂಡ್’ ಮುಂತಾದ, ಈ ತಂಡದ ಹೆಸರೆತ್ತಿದೊಡನೆ ನೆನಪಿಗೆ ಬರುವ ಹಾಡುಗಳೇ ಈ ಹದಿಮೂರು ಆಲ್ಬಂಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಅವೆಲ್ಲ ‘ಪಾಸ್ಟ್ ಮಾಸ್ಟರ್ಸ್’ ಎಂಬ ಎರಡು ಡಿಸ್ಕ್‌ಗಳ ಸಂಕಲನದಲ್ಲಿವೆ ಎಂದು ತಿಳಿಯಿತು. ಆದರೆ ಅದರ ಹಾಡುಗಳ ಪಟ್ಟಿಯನ್ನು ನೋಡಿದ ಮೇಲೆ ಗೊಂದಲ ಹೆಚ್ಚಾಯಿತು. ಜಗತ್ತೇ ಬಲ್ಲ ಹಾಡುಗಳ ಪಕ್ಕದಲ್ಲಿ ಜರ್ಮನ್ ಭಾಷೆಯಲ್ಲಿ ಹಾಡಿದ ಎರಡು ಹಾಡುಗಳಿವೆ, ನಾನು ಹೆಸರನ್ನೂ ಕೇಳಿರದ ‘ಓಲ್ಡ್ ಬ್ರೌನ್ ಶೂ’ ಇದೆ. ‘ಲೆಟ್ ಇಟ್ ಬಿ’, ‘ಗೆಟ್ ಬ್ಯಾಕ್’, ‘ಅಕ್ರಾಸ್ ದಿ ಯೂನಿವರ್ಸ್’ ಈ ಮೂರೂ ಆಲ್ಬಂನಲ್ಲಿ ಈಗಾಗಲೇ ಇರುವಾಗ ಇಲ್ಲಿ ಮತ್ತೆ ಕಾಣಿಸಿಕೊಂಡಿವೆ. ಇದು ಜನಪ್ರಿಯ ಹಾಡುಗಳ ಸಂಗ್ರಹವೋ, ಅಪರೂಪದ ಹಾಡುಗಳ ಸಂಗ್ರಹವೋ? ‘1’ ಎಂಬ ಸಂಕಲನ ಇದ್ದರೆ ಸಾಲದೇ? ಇದನ್ನು ಕೊಂಡರೆ ಒಂದು ಆಲ್ಬಂ ಎಂದುಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಸ್ವರಸಂಚಾರಿ:

ನಿಮ್ಮ ಗೊಂದಲ ಸಹಜವಾದದ್ದು. ಆ ಪಟ್ಟಿಯ ಹಿಂದಿನ ನಿಯಮ ಗೊತ್ತಾದರೆ ಅದು ತಾನಾಗಿಯೇ ಕರಗುತ್ತದೆ.

1960ರ ದಶಕದ ಬ್ರಿಟನ್ನಿನಲ್ಲಿ ಸಿಂಗಲ್‌ಗೂ (ಬದಿಗೊಂದರಂತೆ ಎರಡು ಹಾಡುಗಳ ಚಿಕ್ಕ ತಟ್ಟೆ) ಆಲ್ಬಂಗೂ ಬೇರೆ ಬೇರೆ ಬದುಕಿತ್ತು. ಸಿಂಗಲ್ ಕೊಂಡ ಅಭಿಮಾನಿಗೆ ಅದೇ ಹಾಡನ್ನು ಆಲ್ಬಂನೊಳಗೆ ಸೇರಿಸಿ ಎರಡನೆಯ ಸಲ ಮಾರುವುದು ನ್ಯಾಯವಲ್ಲ ಎಂಬ ನಿಲುವು ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೂ ತಂಡದ ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೀನ್ ಅವರಿಗೂ ಇತ್ತು. ಅದನ್ನು ಪ್ರತಿಯೊಂದು ಸಲವೂ ಪಾಲಿಸಲಿಲ್ಲ, ನಿಜ. ‘ಎ ಹಾರ್ಡ್ ಡೇಸ್ ನೈಟ್’, ‘ಹೆಲ್ಪ್!’ ಇವೆರಡರ ಶೀರ್ಷಿಕೆ ಗೀತೆಗಳು ಸಿಂಗಲ್‌ಗಳಾಗಿಯೂ ಬಂದವು. ಆದರೂ 1965ರ ಡಿಸೆಂಬರ್ 3ರಂದು ಏನಾಯಿತೆಂದು ನೋಡಿ: ಆ ದಿನ ಬ್ರಿಟನ್ನಿನಲ್ಲಿ ‘ರಬ್ಬರ್ ಸೋಲ್’ ಆಲ್ಬಂ ಬಿಡುಗಡೆಯಾಯಿತು, ಅದೇ ದಿನ ‘ಡೇ ಟ್ರಿಪ್ಪರ್’ ಮತ್ತು ‘ವಿ ಕ್ಯಾನ್ ವರ್ಕ್ ಇಟ್ ಔಟ್’ ಜೋಡಿಯ ಸಿಂಗಲ್ ಕೂಡ ಬಂತು, ಆ ಎರಡರಲ್ಲಿ ಒಂದು ಹಾಡೂ ಆಲ್ಬಂನಲ್ಲಿರಲಿಲ್ಲ. ಬೇರೆ ಯಾವುದೇ ತಂಡವಾಗಿದ್ದರೆ ಆ ಎರಡು ಹಾಡುಗಳನ್ನೇ ಮುಂದಿಟ್ಟುಕೊಂಡು ಆಲ್ಬಂ ಕಟ್ಟುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

1987ರಲ್ಲಿ ಬೀಟಲ್ಸ್ ಆಲ್ಬಂಗಳು ಸಿ.ಡಿ. ರೂಪದಲ್ಲಿ ಬರತೊಡಗಿದಾಗ, ಅಲ್ಲಿಯವರೆಗೆ ಅಮೆರಿಕದಲ್ಲಿ ಬೇರೆಯದೇ ಹಾಡುಪಟ್ಟಿಗಳೊಂದಿಗೆ ಮಾರಾಟವಾಗುತ್ತಿದ್ದ ಆಲ್ಬಂಗಳನ್ನು ಬದಿಗಿಟ್ಟು, ಬ್ರಿಟಿಷ್ ಆಲ್ಬಂಗಳನ್ನೇ ಜಗತ್ತಿಗೆಲ್ಲ ಪ್ರಮಾಣವೆಂದು ಒಪ್ಪಲಾಯಿತು. ಇದಕ್ಕೆ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಒಂದೇ ಅಪವಾದ. ಬ್ರಿಟನ್ನಿನಲ್ಲಿ ಅದು ಎರಡು ಡಿಸ್ಕ್‌ಗಳ ಇ.ಪಿ. (ಸಿಂಗಲ್‌ಗಿಂತ ದೊಡ್ಡದು, ಆಲ್ಬಂಗಿಂತ ಚಿಕ್ಕದು) ಆಗಿತ್ತು; 1967ರ ಸಿಂಗಲ್‌ಗಳನ್ನೂ ಸೇರಿಸಿಕೊಂಡಿದ್ದ ಅಮೆರಿಕದ ಆಲ್ಬಂ ರೂಪವನ್ನೇ ಇಲ್ಲಿ ಉಳಿಸಿಕೊಂಡರು. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’, ‘ಪೆನ್ನಿ ಲೇನ್’, ‘ಆಲ್ ಯೂ ನೀಡ್ ಈಸ್ ಲವ್’ ಹಾಡುಗಳು ನಿಮಗೆ ಈಗಾಗಲೇ ದೊರೆತಿರುವುದಕ್ಕೂ ಅವು ‘ಪಾಸ್ಟ್ ಮಾಸ್ಟರ್ಸ್’ನಲ್ಲಿ ಇಲ್ಲದಿರುವುದಕ್ಕೂ ಅದೇ ಕಾರಣ. ಈ ಹದಿಮೂರು ಆಲ್ಬಂಗಳ ಹೊರಗೆ, ತಂಡವು ತನ್ನ ಕಾಲದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿದ್ದ ಮೂವತ್ತಮೂರು ಧ್ವನಿಮುದ್ರಣಗಳು ಉಳಿದವು. ಬೀಟಲ್ಸ್ ಇತಿಹಾಸಕಾರ ಮಾರ್ಕ್ ಲ್ಯೂಯಿಸನ್ ಅವರು ಅವುಗಳನ್ನು ಸಂಕಲಿಸಿದರು. ಮೊದಲ ಸಂಪುಟದಲ್ಲಿ 18, ಎರಡನೆಯದರಲ್ಲಿ 15 ಹಾಡುಗಳಂತೆ 1988ರ ಮಾರ್ಚ್‌ನಲ್ಲಿ ಅವು ಹೊರಬಂದವು. 2009ರ ರೀಮಾಸ್ಟರ್‌ನಲ್ಲಿ (ಧ್ವನಿಯನ್ನು ಹೊಸದಾಗಿ ಹದಗೊಳಿಸಿದ ಮರುಬಿಡುಗಡೆ) ಎರಡೂ ಸಂಪುಟಗಳು ಒಂದೇ ಕಟ್ಟಿನೊಳಗೆ ಸೇರಿದವು.

ಹಾಗಾಗಿ ಇಲ್ಲಿ ಯಾರೂ ಹಾಡುಗಳನ್ನು ತಮ್ಮ ಅಭಿರುಚಿಗೆ ತಕ್ಕಂತೆ ಆರಿಸಲಿಲ್ಲ. ಆಲ್ಬಂಗಳಲ್ಲಿ ಇಲ್ಲದ್ದೆಲ್ಲ ಇಲ್ಲಿದೆ, ಅಷ್ಟೆ. ಈ ತಂಡದ ವಿಷಯದಲ್ಲಿ ಮಾತ್ರ, ಹೀಗೆ ಹೊರಗುಳಿದ ಭಾಗದಲ್ಲೇ ಅವರ ಅತಿ ದೊಡ್ಡ ಹಾಡುಗಳು ಸೇರಿಕೊಂಡಿವೆ. ‘1’ ಸಂಕಲನದಲ್ಲಿರುವ ಇಪ್ಪತ್ತೇಳು ಹಾಡುಗಳು ಮಾರಾಟದ ಪಟ್ಟಿಗಳ ಮೊದಲ ಸ್ಥಾನಕ್ಕೇರಿದವು ಮಾತ್ರ. ‘ರೇನ್’, ‘ದಿಸ್ ಬಾಯ್’, ‘ಡೋಂಟ್ ಲೆಟ್ ಮಿ ಡೌನ್’ ಮುಂತಾದ ಬಿ-ಸೈಡ್‌ಗಳಿಗೆ, ಅಂದರೆ ಸಿಂಗಲ್‌ನ ಹಿಂಬದಿಯ ಹಾಡುಗಳಿಗೆ, ಅಲ್ಲಿ ಜಾಗವೇ ಇಲ್ಲ. ಅವನ್ನು ಕೇಳದೆ ಬೀಟಲ್ಸ್ ಅನ್ನು ಪೂರ್ತಿ ಕೇಳಿದ್ದೇನೆ ಎನ್ನುವುದು ಸಾಧ್ಯವಿಲ್ಲ.

ಧ್ವನಿಶೋಧಕ:

ಎರಡೆರಡು ಸಲ ಬರುವ ಹಾಡುಗಳ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಈ ಸಂಕಲನದ ಅಪರೂಪದ ಭಾಗವೆಂದರೆ ಅದೇ.

ಮೊದಲ ಹಾಡು ‘ಲವ್ ಮಿ ಡೂ’ ಅನ್ನೇ ತೆಗೆದುಕೊಳ್ಳಿ. 1962ರ ಸೆಪ್ಟೆಂಬರ್ 4ರಂದು ತಂಡದ ರಿಂಗೊ ಸ್ಟಾರ್ ಡ್ರಮ್ಸ್ ನುಡಿಸಿ ಧ್ವನಿಮುದ್ರಣವಾಯಿತು. ಅದು ನಿರ್ಮಾಪಕರಿಗೆ ತೃಪ್ತಿ ಕೊಡದಿದ್ದುದರಿಂದ ಸೆಪ್ಟೆಂಬರ್ 11ರಂದು ಆ್ಯಂಡಿ ವೈಟ್ ಎಂಬ ವೃತ್ತಿಪರ ಡ್ರಮ್ಸ್ ವಾದಕರನ್ನು ಕರೆಸಿ ಮತ್ತೆ ಮುದ್ರಿಸಿದರು. ಆಗ ರಿಂಗೊ ಕೈಗೆ ಟ್ಯಾಂಬೊರಿನ್ ಬಂತು. ಆಲ್ಬಂನಲ್ಲಿ ನೀವು ಕೇಳಿರುವುದು ಈ ಎರಡನೆಯದನ್ನು. ಅಕ್ಟೋಬರ್‌ನಲ್ಲಿ ಸಿಂಗಲ್ ಆಗಿ ಮೊದಲು ಹೊರಬಿದ್ದದ್ದು ರಿಂಗೊ ನುಡಿಸಿದ್ದು, ‘ಪಾಸ್ಟ್ ಮಾಸ್ಟರ್ಸ್’ನಲ್ಲಿರುವುದೂ ಅದೇ. ಅದರ ಮೂಲ ಟೇಪ್ ಉಳಿದಿಲ್ಲವಾದ್ದರಿಂದ ಹಳೆಯ ಸಿಂಗಲ್ ತಟ್ಟೆಯಿಂದಲೇ ಪ್ರತಿ ಮಾಡಬೇಕಾಯಿತು. ಎರಡನ್ನೂ ಗುರುತಿಸುವುದು ಸುಲಭ: ಟ್ಯಾಂಬೊರಿನ್ ಕೇಳಿಸಿದರೆ ಅದು ಆಲ್ಬಂನದು, ಕೇಳಿಸದಿದ್ದರೆ ರಿಂಗೊನದು. ಲಯ ತುಸು ತೂಗಾಡಿದರೂ ನನಗೆ ರಿಂಗೊನದೇ ಹೆಚ್ಚು ಪ್ರಿಯ.

ಜರ್ಮನ್ ಹಾಡುಗಳು 1964ರ ಜನವರಿ 29ರಂದು ಪ್ಯಾರಿಸ್ಸಿನ ಪಾಥೆ ಮಾರ್ಕೋನಿ ಸ್ಟುಡಿಯೊದಲ್ಲಿ ಮುದ್ರಣವಾದವು. ಜರ್ಮನಿಯಲ್ಲಿ ಧ್ವನಿಮುದ್ರಿಕೆ ಮಾರಾಟವಾಗಬೇಕಾದರೆ ಜರ್ಮನ್ ಭಾಷೆಯಲ್ಲೇ ಹಾಡಬೇಕೆಂದು ಅಲ್ಲಿನ ಕಂಪನಿಯವರು ಪಟ್ಟು ಹಿಡಿದಿದ್ದರು. ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ ಹಾಡಿನ ವಾದ್ಯಭಾಗದ ಟೇಪ್ ಇದ್ದುದರಿಂದ ಅದರ ಮೇಲೆ ಹೊಸ ದನಿಗಳನ್ನು ಸೇರಿಸಿದರೆ ಸಾಕಾಯಿತು. ‘ಶೀ ಲವ್ಸ್ ಯೂ’ಗೆ ಅಂಥ ಟೇಪ್ ಇರಲಿಲ್ಲ; ಮೊನೊ ಮಿಕ್ಸ್ (ಎಲ್ಲ ಸದ್ದನ್ನೂ ಒಂದೇ ವಾಹಿನಿಗೆ ಬೆರೆಸಿದ ಅಂತಿಮ ರೂಪ) ಸಿದ್ಧವಾದ ಮೇಲೆ ಮೂಲವನ್ನು ಉಳಿಸಿಕೊಂಡಿರಲಿಲ್ಲ. ಆದ್ದರಿಂದ ‘ಜೀ ಲೀಬ್ಟ್ ಡಿಶ್’ ಅನ್ನು ವಾದ್ಯಗಳ ಸಮೇತ ಹೊಸದಾಗಿ ನುಡಿಸಿ ಹಾಡಿದರು. ಇದರಿಂದಾಗಿ ಈ ಸಂಕಲನದಲ್ಲಿ ಇಂಗ್ಲಿಷ್ ಹಾಡು ಮೊನೊದಲ್ಲೂ ಅದರ ಜರ್ಮನ್ ರೂಪ ಸ್ಟೀರಿಯೊದಲ್ಲೂ ಇವೆ.

ಮತ್ತೆ ಕಾಣಿಸಿಕೊಂಡಿವೆ ಎಂದು ನೀವು ಹೆಸರಿಸಿದ ಮೂರು ಹಾಡುಗಳ ಪೈಕಿ ‘ಅಕ್ರಾಸ್ ದಿ ಯೂನಿವರ್ಸ್’ ಬಗ್ಗೆ ಹೆಚ್ಚು ಹೇಳಬೇಕು. 1968ರ ಫೆಬ್ರವರಿಯಲ್ಲಿ ಮುದ್ರಣವಾದ ಈ ಹಾಡು ಬಹುಕಾಲ ಬಿಡುಗಡೆಯಾಗದೆ ಉಳಿಯಿತು. 1969ರ ಡಿಸೆಂಬರ್‌ನಲ್ಲಿ ವಿಶ್ವ ವನ್ಯಜೀವಿ ನಿಧಿಯ ಸಹಾಯಾರ್ಥ ಬಂದ ಆಲ್ಬಂನಲ್ಲಿ ಮೊದಲ ಬಾರಿ ಹೊರಬಂತು. ಆ ರೂಪದಲ್ಲಿ ಹಕ್ಕಿಗಳ ಸದ್ದು ಸೇರಿದೆ, ಟೇಪ್‌ನ ವೇಗ ಹೆಚ್ಚಿದೆ, ಸ್ಟುಡಿಯೊದ ಹೊರಗೆ ಕಾದಿದ್ದ ಇಬ್ಬರು ಅಭಿಮಾನಿ ಹುಡುಗಿಯರ ದನಿಯೂ ಇದೆ. ‘ಲೆಟ್ ಇಟ್ ಬಿ’ ಆಲ್ಬಂಗಾಗಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದೇ ಮುದ್ರಣದ ವೇಗವನ್ನು ತಗ್ಗಿಸಿ ವಾದ್ಯವೃಂದವನ್ನೂ ಕೋರಸ್ಸನ್ನೂ ಸೇರಿಸಿದರು. ಜಾನ್ ಲೆನನ್ನರ ದನಿ ಒಂದರಲ್ಲಿ ಹಗುರವಾಗಿ ತೇಲುತ್ತದೆ, ಇನ್ನೊಂದರಲ್ಲಿ ಭಾರವಾಗಿ ಇಳಿಯುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು.

‘ಲೆಟ್ ಇಟ್ ಬಿ’ ಸಿಂಗಲ್‌ನಲ್ಲಿ ಜಾರ್ಜ್ ಹ್ಯಾರಿಸನ್ನರ ಗಿಟಾರ್ ಸೋಲೊ ಬೇರೆಯದು, ಆಲ್ಬಂನಲ್ಲಿರುವುದಕ್ಕಿಂತ ಮೃದುವಾದದ್ದು. ‘ಗೆಟ್ ಬ್ಯಾಕ್’ ಸಿಂಗಲ್‌ಗೆ ನಿಂತು ಮತ್ತೆ ಶುರುವಾಗುವ ಒಂದು ಕೊನೆಯ ಭಾಗವಿದೆ, ಆಲ್ಬಂನಲ್ಲಿ ಅದಿಲ್ಲ.

ಬಿ-ಸೈಡ್ ರಸಿಕ:

ಮೇಲಿನ ಇಬ್ಬರ ವಿವರಗಳನ್ನೂ ಒಪ್ಪುತ್ತೇನೆ. ಆದರೆ ಇದನ್ನು ಆಲ್ಬಂನಂತೆ ಕೇಳಬಹುದೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಕೇಳಬಾರದು ಎಂಬುದು ನನ್ನ ಉತ್ತರ. ಎರಡನೆಯ ಡಿಸ್ಕ್ ಹೇಗೋ ತನ್ನ ಬಲದ ಮೇಲೆ ನಿಲ್ಲುತ್ತದೆ. ಮೊದಲನೆಯದು ಮಾತ್ರ ಸಿಂಗಲ್‌ಗಳಿಂದ ಜರ್ಮನ್ ಹಾಡುಗಳಿಗೆ, ಅಲ್ಲಿಂದ ‘ಲಾಂಗ್ ಟಾಲ್ ಸ್ಯಾಲಿ’ ಇ.ಪಿ.ಯ ನಾಲ್ಕು ಹಾಡುಗಳಿಗೆ ಹಾರುತ್ತದೆ. ಹಾಗೆ ಕೇಳಿದರೆ ಪ್ರತಿಯೊಂದು ಹಾಡೂ ತನ್ನ ಕಾಲದಿಂದ ಕಿತ್ತು ತಂದ ಸಸಿಯಂತೆ ಕಾಣುತ್ತದೆ. ನೀವು ಆಲ್ಬಂಗಳನ್ನು ಅನುಕ್ರಮವಾಗಿ ಕೇಳಿದವರು. ಈ ಸಲ ಅವುಗಳ ನಡುವೆ ಈ ಹಾಡುಗಳನ್ನು ಅವುಗಳ ದಿನಾಂಕಕ್ಕೆ ಸರಿಯಾಗಿ ಇಟ್ಟುಕೊಂಡು ಕೇಳಿ.

‘ಹೆಲ್ಪ್!’ ಆಲ್ಬಂನ ‘ಯೆಸ್ಟರ್ಡೇ’ ಕೇಳಿದ ಕೂಡಲೇ ‘ಐಯಾಮ್ ಡೌನ್’ ಹಾಕಿ. 1965ರ ಜೂನ್ 14ರಂದು, ಒಂದೇ ದಿನ, ಪಾಲ್ ಮೆಕಾರ್ಟ್ನಿ ಈ ಎರಡನ್ನೂ ಹಾಡಿದರು. ಗಂಟಲು ಹರಿಯುವಂತೆ ಕಿರುಚಿದವರೂ ಅವರೇ, ಪಿಸುಮಾತಿನಂಥ ದನಿಯಲ್ಲಿ ಹಾಡಿದವರೂ ಅವರೇ. ಆಲ್ಬಂ ಒಂದನ್ನೇ ಕೇಳಿದವರಿಗೆ ಆ ದಿನದ ಅರ್ಧ ಮಾತ್ರ ಗೊತ್ತಾಗುತ್ತದೆ.

ಇನ್ನು ‘ರಿವಾಲ್ವರ್’. ಅದರ ಮುದ್ರಣದ ಆರಂಭದ ವಾರಗಳಲ್ಲೇ, 1966ರ ಏಪ್ರಿಲ್‌ನಲ್ಲಿ, ‘ಪೇಪರ್‌ಬ್ಯಾಕ್ ರೈಟರ್’ ಮತ್ತು ‘ರೇನ್’ ತಯಾರಾದವು. ‘ರೇನ್’ನಲ್ಲಿ ವಾದ್ಯಭಾಗವನ್ನು ವೇಗವಾಗಿ ನುಡಿಸಿ ಟೇಪನ್ನು ನಿಧಾನಗೊಳಿಸಿದ್ದಾರೆ, ಕೊನೆಯಲ್ಲಿ ಲೆನನ್ನರ ದನಿಯನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ರಿಂಗೊ ತಮ್ಮ ಅತ್ಯುತ್ತಮ ವಾದನವೆಂದು ಹೇಳಿಕೊಂಡದ್ದೂ ಇದನ್ನೇ. ಆಲ್ಬಂ ಆಗಸ್ಟ್‌ನಲ್ಲಿ ಬರುವ ಮೊದಲೇ ಜೂನ್‌ನಲ್ಲಿ ಈ ಸಿಂಗಲ್ ಬಂತು. ಅಂದರೆ ಆ ಹೊಸ ಧ್ವನಿಲೋಕದ ಸುದ್ದಿ ಜಗತ್ತಿಗೆ ಮೊದಲು ಮುಟ್ಟಿದ್ದು ಒಂದು ಬಿ-ಸೈಡ್‌ನಿಂದ.

ನನ್ನ ಅತಿ ಪ್ರೀತಿಯ ಹಾಡು ‘ದಿ ಇನ್ನರ್ ಲೈಟ್’. 1968ರ ಜನವರಿಯಲ್ಲಿ ಹ್ಯಾರಿಸನ್ ಮುಂಬಯಿಯ ಎಚ್.ಎಂ.ವಿ. ಸ್ಟುಡಿಯೊದಲ್ಲಿ ಒಂದು ಚಲನಚಿತ್ರದ ಸಂಗೀತಕ್ಕಾಗಿ ಕೆಲಸ ಮಾಡುತ್ತಿದ್ದಾಗ ಇದರ ವಾದ್ಯಭಾಗವನ್ನೂ ಮುದ್ರಿಸಿಕೊಂಡರು. ಹರಿಪ್ರಸಾದ್ ಚೌರಾಸಿಯಾ ಕೊಳಲು ನುಡಿಸಿದರು, ಆಶೀಶ್ ಖಾನ್ ಸರೋದ್ ನುಡಿಸಿದರು. ಸಾಹಿತ್ಯ ‘ತಾವೊ ತೆ ಚಿಂಗ್’ನ ಒಂದು ಅಧ್ಯಾಯವನ್ನು ಆಧರಿಸಿದ್ದು, ಅದಕ್ಕೆ ರಾಗ ಹಾಕಬಹುದೆಂದು ಸೂಚಿಸಿದವರು ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದ ವಿದ್ವಾಂಸ ಹ್ವಾನ್ ಮಸ್ಕಾರೊ. ಮಾರ್ಚ್‌ನಲ್ಲಿ ‘ಲೇಡಿ ಮಡೊನ್ನಾ’ದ ಬಿ-ಸೈಡ್ ಆಗಿ ಹೊರಬಂದಾಗ, ಹ್ಯಾರಿಸನ್ನರ ರಚನೆಯೊಂದು ಬೀಟಲ್ಸ್ ಸಿಂಗಲ್‌ನಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು. ‘ರಿವಾಲ್ವರ್’ನ ‘ಲವ್ ಯೂ ಟೂ’, ‘ಸಾರ್ಜೆಂಟ್ ಪೆಪ್ಪರ್ಸ್’ನ ‘ವಿದಿನ್ ಯೂ ವಿದೌಟ್ ಯೂ’ ಕೇಳಿದ ಮೇಲೆ ಇದನ್ನು ಕೇಳಿ. ಮೊದಲೆರಡರಲ್ಲಿ ಕಲಿಯುವವರ ಶ್ರಮ ಕಾಣುತ್ತದೆ. ಇಲ್ಲಿ ಕೊಳಲು ಮತ್ತು ದನಿ ಒಂದನ್ನೊಂದು ಸರಾಗವಾಗಿ ಹಿಂಬಾಲಿಸುತ್ತವೆ, ಎಲ್ಲಿಯೂ ಪ್ರದರ್ಶನದ ಹಟವಿಲ್ಲ. ಆಲ್ಬಂಗಳನ್ನಷ್ಟೇ ಕೇಳಿದವರಿಗೆ ಆ ಕಲಿಕೆ ಎಲ್ಲಿಗೆ ಮುಟ್ಟಿತೆಂಬುದು ತಿಳಿಯುವುದೇ ಇಲ್ಲ.

ಹೊಸ ಕೇಳುಗ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದಿನಾಂಕದ ಕ್ರಮದಲ್ಲಿ ಕೇಳುವ ಸಲಹೆ ತುಂಬ ಹಿಡಿಸಿತು, ಹಾಗೆಯೇ ಮಾಡುತ್ತೇನೆ. ಉಳಿದಿರುವುದು ಒಂದೇ ಸಂದೇಹ: 2009ರಲ್ಲಿ ‘ಮೊನೊ ಮಾಸ್ಟರ್ಸ್’ ಎಂಬುದೂ ಬಂದಿದೆಯಲ್ಲ, ‘ಪಾಸ್ಟ್ ಮಾಸ್ಟರ್ಸ್’ ಬದಲು ಅದನ್ನು ಕೊಳ್ಳಬಹುದೇ?

ಧ್ವನಿಶೋಧಕ:

ಎರಡೂ ಒಂದೇ ಅಲ್ಲ. ‘ಮೊನೊ ಮಾಸ್ಟರ್ಸ್’ನಲ್ಲಿ ‘ದಿ ಬ್ಯಾಲಡ್ ಆಫ್ ಜಾನ್ ಆ್ಯಂಡ್ ಯೋಕೊ’, ‘ಓಲ್ಡ್ ಬ್ರೌನ್ ಶೂ’, ‘ಲೆಟ್ ಇಟ್ ಬಿ’ ಈ ಮೂರು ಹಾಡುಗಳಿಲ್ಲ, ಏಕೆಂದರೆ ಅವುಗಳಿಗೆ ಪ್ರತ್ಯೇಕ ಮೊನೊ ಮಿಕ್ಸ್ ಮಾಡಿಯೇ ಇರಲಿಲ್ಲ. ಅವುಗಳ ಬದಲಿಗೆ ‘ಯೆಲ್ಲೋ ಸಬ್‌ಮರೀನ್’ ಆಲ್ಬಂನ ನಾಲ್ಕು ಹಾಡುಗಳು ಮೊನೊ ರೂಪದಲ್ಲಿವೆ. ಒಂದನ್ನೇ ಕೊಳ್ಳುವುದಾದರೆ ‘ಪಾಸ್ಟ್ ಮಾಸ್ಟರ್ಸ್’ ಕೊಳ್ಳಿ. ಆದರೆ ಅವಕಾಶ ಸಿಕ್ಕಾಗ ‘ರೆವಲ್ಯೂಷನ್’ ಅನ್ನು ಮಾತ್ರ ಮೊನೊದಲ್ಲಿ ಕೇಳಲೇಬೇಕು. ಗಿಟಾರ್‌ಗಳನ್ನು ಆ್ಯಂಪ್ಲಿಫೈಯರ್ ಇಲ್ಲದೆ ನೇರವಾಗಿ ಮಿಕ್ಸಿಂಗ್ ಕನ್ಸೋಲ್‌ಗೆ ಜೋಡಿಸಿ, ಅದರ ತಾಳಿಕೆಯ ಮಿತಿಯನ್ನು ಮೀರಿಸಿ ಪಡೆದ ಆ ಒರಟು ಸದ್ದು ಸ್ಟೀರಿಯೊದಲ್ಲಿ ಎರಡು ಬದಿಗೆ ಹಂಚಿಹೋಗಿ ಬಲ ಕಳೆದುಕೊಳ್ಳುತ್ತದೆ. ಮೊನೊದಲ್ಲಿ ಅದು ಇಡಿಯಾಗಿ ಎದುರಿಗೆ ಬಂದು ನಿಲ್ಲುತ್ತದೆ.

‘ಶೀ ಲವ್ಸ್ ಯೂ’ ಎರಡರಲ್ಲೂ ಮೊನೊದಲ್ಲೇ ಇದೆ. ಅದನ್ನು ಸ್ಟೀರಿಯೊದಲ್ಲಿ ಕೇಳಬೇಕೆನಿಸಿದರೆ 2023ರಲ್ಲಿ ಮರುಬಿಡುಗಡೆಯಾದ ‘1962–1966’ ಸಂಕಲನವನ್ನು ನೋಡಿ. ಒಂದೇ ಟೇಪ್‌ನೊಳಗೆ ಬೆರೆತುಹೋಗಿದ್ದ ದನಿ, ಗಿಟಾರ್, ಡ್ರಮ್ಸ್‌ಗಳನ್ನು ಗಣಕಯಂತ್ರದ ನೆರವಿನಿಂದ ಬಿಡಿಸಿ ಜಾರ್ಜ್ ಮಾರ್ಟಿನ್ ಅವರ ಮಗ ಗೈಲ್ಸ್ ಮಾರ್ಟಿನ್ ಅಲ್ಲಿ ಹೊಸ ಮಿಕ್ಸ್ ಮಾಡಿದ್ದಾರೆ.