‘ಎಂಗೇಜ್‌ಮೆಂಟ್’ ಎಂದರೆ ಉಂಗುರ ನೆನಪಾಗುತ್ತದೆ, ‘ವರ್ತನೆ’ ಆದೀತೇ?

ಗೆಳೆಯರಿಗೆ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ, ಬಲ್ಲವರು ಬಿಡಿಸಬೇಕು. ಇನ್‌ಸ್ಟಾಗ್ರಾಮ್, ವಾಟ್ಸಾಪ್ ವ್ಯಾಪಾರದವರು ಹೇಳುವ ‘ಕಸ್ಟಮರ್ ಎಂಗೇಜ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ನನ್ನ ಅಕ್ಕನ ಮಗಳು ಹನುಮಂತನಗರದ ಮನೆಯಿಂದಲೇ ಚಟ್ನಿಪುಡಿ, ಹುಳಿಪುಡಿ, ಸಂಡಿಗೆ ಮಾಡಿ ಮಾರುತ್ತಾಳೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ 2024ರ ಕಾನೂನು ಅವಳ ತಂಟೆಗೇ ಬರುವುದಿಲ್ಲ. ಇನ್‌ಸ್ಟಾಗ್ರಾಮ್ ಪುಟವೇ ಬೋರ್ಡು, ವಾಟ್ಸಾಪ್ ಬಿಸಿನೆಸ್ಸೇ ಲೆಕ್ಕದ ಪುಸ್ತಕ. ವ್ಯಾಪಾರ ಕುದುರಿದ್ದು ನೋಡಿ ಬಡಾವಣೆಯ ಮಹಿಳಾ ಸಂಘದವರು ‘ನಮಗೂ ಹೇಳಿಕೊಡು’ ಎಂದರು. ಹೇಳಿಕೊಟ್ಟದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. “ಮಾಮ, ನೀನು ಹೇಗೂ ಮನೇಲೇ ಇರ್ತೀಯಲ್ಲ” ಅಂದಳು. ಸತ್ಯವೇ.

ಮೊದಲ ದಿನ ಅವಳು “ಫಾಲೋವರ್ಸ್ ಎಷ್ಟಿದ್ದಾರೆ ಅನ್ನೋದಕ್ಕಿಂತ ಕಸ್ಟಮರ್ ಎಂಗೇಜ್‌ಮೆಂಟ್ ಮುಖ್ಯ” ಎಂದು ಶುರು ಮಾಡಿದ್ದೇ ತಡ, ಮುಂದೆ ಕೂತಿದ್ದ ಹಿರಿಯರೊಬ್ಬರು “ಯಾರದಮ್ಮ ಎಂಗೇಜ್‌ಮೆಂಟು?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಫೋನಿನ ಅನುವಾದಕ್ಕೆ ಅದೇ ಮಾತು ಹಾಕಿದರೆ ‘ಗ್ರಾಹಕರ ನಿಶ್ಚಿತಾರ್ಥ’ ಎಂದು ಬಂತು. ಆ ಅಮ್ಮನನ್ನು ಸುಮ್ಮನೆ ನಕ್ಕೆವಲ್ಲ ಅನ್ನಿಸಿತು.

ಎರವಲು ಪದದ ಮೇಲೆ ನನಗೇನೂ ಸಿಟ್ಟಿಲ್ಲ. ರೀಲ್ಸ್, ಸ್ಟೋರಿ, ಲೈಕ್, ಶೇರ್ ಇವನ್ನೆಲ್ಲ ಹಾಗೇ ಬರೆದಿದ್ದೇನೆ. ಸಂಘದವರಿಗೆ ನನಗಿಂತ ಚೆನ್ನಾಗಿ ಗೊತ್ತು. ‘ಎಂಗೇಜ್‌ಮೆಂಟ್’ ಕಥೆಯೇ ಬೇರೆ. ಬೆಂಗಳೂರಿನ ಕನ್ನಡದಲ್ಲಿ ಅದಕ್ಕೆ ಉಂಗುರ ಬದಲಾಯಿಸುವ ಅರ್ಥ ಗಟ್ಟಿಯಾಗಿ ಅಂಟಿದೆ. ಅದರ ಮಗ್ಗುಲಲ್ಲೇ ‘ಫೋನ್ ಎಂಗೇಜ್ ಬರ್ತಿದೆ’ ಕೂತಿದೆ, ಅಂದರೆ ಮಾತಿಗೆ ಸಿಗುತ್ತಿಲ್ಲ ಎಂದು! ನಮಗೆ ಬೇಕಾದದ್ದು ಇದಕ್ಕೆ ನೇರ ಉಲ್ಟಾ.

‘ಫಾಲೋವರ್’ ಕೂಡ ಕಾಟ ಕೊಟ್ಟಿತು. ‘ಹಿಂಬಾಲಕ’ ಎಂದರೆ ರಾಜಕಾರಣಿಯ ಹಿಂದೆ ಜೀಪಿನಲ್ಲಿ ಹೋಗುವವನು. ‘ಅನುಯಾಯಿ’ ಎಂದರೆ ಬಸವಣ್ಣನವರಿಗೆ ಸರಿ, ಹುಳಿಪುಡಿಗೆ ಭಾರ. ‘ಒಕ್ಕಲು’ ಹೊಳೆದಿತ್ತು, ಮನೆದೇವರಿಗೆ ‘ನಾವು ಒಕ್ಕಲು’ ಅನ್ನುತ್ತೇವಲ್ಲ, ಹಾಗೆ. ಅಕ್ಕನ ಮಗಳು ಕೈ ಮುಗಿದಳು. ಅದು ಫಾಲೋವರ್ ಆಗಿಯೇ ಉಳಿಯಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಮೊದಲು, ಈ ಎಂಗೇಜ್‌ಮೆಂಟ್ ಅಂದರೆ ವ್ಯಾಪಾರದಲ್ಲಿ ಏನು? ಚಿತ್ರವನ್ನೋ ರೀಲನ್ನೋ ಎಷ್ಟು ಜನ ನೋಡಿದರು ಎಂಬುದು ರೀಚ್. ನೋಡಿ ಸುಮ್ಮನೆ ಮುಂದೆ ಹೋಗದೆ ಲೈಕ್ ಒತ್ತಿದವರು, ‘ಕಾಲು ಕೆಜಿ ಎಷ್ಟು?’ ಎಂದು ಕೇಳಿದವರು, ಉಳಿಸಿಟ್ಟುಕೊಂಡವರು, ತಂಗಿಗೆ ಕಳಿಸಿದವರು, ಇವರೆಲ್ಲ ಸೇರಿ ಎಂಗೇಜ್‌ಮೆಂಟ್. ಸಾವಿರ ಜನ ನೋಡಿ ಐವತ್ತು ಜನ ಹೀಗೆ ಏನಾದರೂ ಮಾಡಿದರೆ ನೂರಕ್ಕೆ ಐದು. (ಕೆಲವರು ನೋಡಿದವರ ಬದಲು ಫಾಲೋವರ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ, ಆಗ ಲೆಕ್ಕ ಬೇರೆ ಬರುತ್ತದೆ.) ಅವರು ಕೇಳಿದ್ದಕ್ಕೆ ಇವಳು ಉತ್ತರ ಕೊಡುವುದೂ ಇದರೊಳಗೇ ಬರಬೇಕು. ಒಂದು ಕೈಯ ಚಪ್ಪಾಳೆ ಅಲ್ಲ.

‘ತೊಡಗಿಸಿಕೊಳ್ಳುವಿಕೆ’ಯನ್ನು ಮೊದಲೇ ಹೊಡೆದುಹಾಕಿದೆ. ಇಂಥ ‘ಇಕೆ’ಗಳನ್ನು ಬಾಯಲ್ಲಿ ಆಡಿದವರನ್ನು ನಾನು ಕಂಡಿಲ್ಲ. ‘ಸ್ಪಂದನೆ’ ಪರವಾಗಿಲ್ಲ, ಆದರೆ ಸರ್ಕಾರದ ಜನಸ್ಪಂದನ ಕಾರ್ಯಕ್ರಮಗಳಾದ ಮೇಲೆ ಅದಕ್ಕೆ ಅರ್ಜಿ ಹಿಡಿದು ನಿಂತವರ ವಾಸನೆ ಬಂದಿದೆ. ‘ಒಡನಾಟ’ ಚೆಂದದ ಮಾತು. ಆದರೆ ಕಾಸು ಕೊಟ್ಟು ಪುಡಿ ಕೊಳ್ಳುವವರ ಜೊತೆ ಒಡನಾಟ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಹೀಗಿರುವಾಗ ನಮ್ಮ ಮನೆಗೆ ಹೂವು ಕೊಡುವಾಕೆಯ ವಾಯ್ಸ್ ಮೆಸೇಜ್ ಬಂತು: “ಅಮ್ಮಾ, ಈ ತಿಂಗಳ ವರ್ತನೆ ಲೆಕ್ಕ ನೋಡಿ.”

ವರ್ತನೆ! ಹಳೇ ಮೈಸೂರಿನ ಕಡೆಯವರಿಗೆ ವಿವರಿಸಬೇಕಾಗಿಲ್ಲ. ವರ್ತನೆ ಹಾಲು, ವರ್ತನೆ ಹೂವು, ವರ್ತನೆ ಮನೆ. ದಿನಾ ತಂದುಕೊಡುವುದು, ತಿಂಗಳಿಗೊಮ್ಮೆ ದುಡ್ಡು. ಹೂವಿನಾಕೆ ಬಾಳೆಎಲೆ ಪೊಟ್ಟಣವನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾಳೆ ಅಷ್ಟೇ ಅಲ್ಲ, ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆಯೇ “ಎಷ್ಟು ಮೊಳ ಬೇಕು?” ಎಂದು ಕೇಳುತ್ತಾಳೆ. ನಾವು ಊರಿಗೆ ಹೊರಟರೆ “ನಾಲ್ಕು ದಿನ ವರ್ತನೆ ಬೇಡಮ್ಮ” ಎಂದು ಹೇಳಿಯೇ ಹೋಗಬೇಕು. ಯಾರ ಮನೆಗೆ ಕನಕಾಂಬರ ಆಗದು, ಯಾರಿಗೆ ಮರುಗ ಸೇರಿರಲೇಬೇಕು, ಎಲ್ಲ ಬಾಯಿಪಾಠ. ಸಂಘದವರಿಗೆ ಅಕ್ಕನ ಮಗಳು ಎರಡು ತಾಸು ಹೇಳಿದ್ದು ಇದನ್ನೇ.

ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯನ್ನೇ ನೋಡಿ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಅವರೂ ಒಪ್ಪಿರಬೇಕು, ಗೇಟು ತೆರೆದಿಟ್ಟಿರಬೇಕು. ಇಂಥವರನ್ನು ‘ವರ್ತನೆ ಮನೆ’ಯವರು ಅನ್ನದೆ ಇನ್ನೇನು ಅನ್ನಲಿ?

ಪದದ ಬೇರೂ ಆಸೆ ಹುಟ್ಟಿಸುತ್ತದೆ. ವರ್ತನೆ, ವೃತ್ತಿ, ವಾರ್ತೆ ಎಲ್ಲ ಸಂಸ್ಕೃತದ ‘ವೃತ್’ ಧಾತುವಿನವು. ವ್ಯಾಪಾರಿಗೆ ನಾವನ್ನುವ ‘ವರ್ತಕ’ನೂ ಅದೇ ಮನೆಯವನು. ‘ವರ್ತನ’ಕ್ಕೆ ಸಂಸ್ಕೃತದಲ್ಲಿ ಜೀವನೋಪಾಯ, ಸಂಬಳ ಎಂಬ ಅರ್ಥಗಳೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ವಾರ್ತಾ’ ಎಂದರೆ ಸುದ್ದಿಯಲ್ಲ. ಬೇಸಾಯ, ಪಶುಪಾಲನೆ, ವಾಣಿಜ್ಯ ಮೂರೂ ಸೇರಿದ್ದು. ಸುದ್ದಿಯೂ ವ್ಯಾಪಾರವೂ ಒಂದೇ ಪುಟದಲ್ಲಿ ನಡೆಯುವ ಈ ಕಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇದು ನನ್ನ ಖುಷಿಗೆ ಹೇಳಿದ್ದು, ವಾದಕ್ಕಲ್ಲ.

ತೊಡಕು ಎರಡಿವೆ. ‘ಗ್ರಾಹಕರ ವರ್ತನೆ’ ಎಂದು ಬರೆದರೆ ಓದಿದವರೆಲ್ಲ ಗ್ರಾಹಕರು ಹೇಗೆ ನಡೆದುಕೊಳ್ಳುತ್ತಾರೆ ಎಂದೇ ತಿಳಿಯುತ್ತಾರೆ. ಕಾಲೇಜಿನ ಎಕನಾಮಿಕ್ಸ್ ಪಾಠದ ‘ಅನುಭೋಗಿಯ ವರ್ತನೆ’ ಅದೇ ತಾನೆ? ಗ್ರಾಹಕರನ್ನು ಬಿಟ್ಟು ‘ಗಿರಾಕಿ ವರ್ತನೆ’ ಎಂದರೆ ಸ್ವಲ್ಪ ದಾರಿ ಬಿಡುತ್ತದೆ, ಗಿರಾಕಿಗೆ ಪೇಟೆಯ ಬಿಸಿ ಇದೆ. ಎರಡನೆಯದು ಇನ್ನೂ ದೊಡ್ಡದು. ವರ್ತನೆಗೆ ಕಾಯಂ ಎಂಬ ಗುಣ ಅಂಟಿದೆ. ಒಮ್ಮೆ ಲೈಕ್ ಒತ್ತಿ ಮರೆತವರನ್ನು ಅದರೊಳಗೆ ಹೇಗೆ ತರುವುದು? ಯೂಟ್ಯೂಬಿನ ಸಬ್‌ಸ್ಕ್ರೈಬರ್‌ಗೆ ‘ಚಂದಾದಾರ’ ಅನ್ನುವ ಬದಲು ‘ವರ್ತನೆಯವರು’ ಎಂದರೆ ಚೆನ್ನಾಗಿ ಕೂರುತ್ತದೇನೋ, ಎಂಗೇಜ್‌ಮೆಂಟಿಗೆ ಅಲ್ಲವೇನೋ ಎಂಬ ಅನುಮಾನ ರಾತ್ರಿಯಿಂದ ಕೊರೆಯುತ್ತಿದೆ.

ಧಾರವಾಡ, ಕಲಬುರಗಿ ಕಡೆ ದಿನಾ ಹಾಲು ಹಾಕಿಸಿಕೊಳ್ಳುವುದಕ್ಕೆ ಏನನ್ನುತ್ತೀರಿ? ಕರಾವಳಿಯಲ್ಲಿ ಮೀನಿನವರಿಗೂ ಮನೆಯವರಿಗೂ ಇರುವ ಈ ಬಗೆಯ ನಂಟಿಗೆ ಬೇರೆ ಹೆಸರಿದೆಯೇ? ಮಂಡ್ಯ, ಹಾಸನದ ಹಳ್ಳಿಗಳಲ್ಲಿ ‘ವರ್ತನೆ’ ಇನ್ನೂ ಬಾಯಲ್ಲಿ ಇದೆಯೇ, ಇಲ್ಲಾ ಬೆಂಗಳೂರಿನ ಹಳೇ ಬಡಾವಣೆಗಳಲ್ಲೇ ಉಳಿದುಕೊಂಡಿದೆಯೇ? ನಿಘಂಟಿನ ಅರ್ಥಕ್ಕಿಂತ ನಿಮ್ಮ ಮನೆಯ ಬಳಕೆಯ ಒಂದು ವಾಕ್ಯ ಬರೆದರೆ ಉಪಕಾರ.

ಪುಟಗಳು ಶುಕ್ರವಾರ ಜೆರಾಕ್ಸ್‌ಗೆ ಹೋಗಬೇಕು. ಎಂಗೇಜ್‌ಮೆಂಟ್ ಬರುವ ಜಾಗದಲ್ಲಿ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ‘ಮಾತುಕತೆ’ ಎಂದು ಬರೆದಿಟ್ಟಿದ್ದೇನೆ.